ಅಕ್ಕನ ಮನೆಯ ಬಚ್ಚಲು

ತಂದೆತಾಯಿ ಇಟ್ಟ ಹೆಸರು ಅವಳಿಗೂ ಒಂದಿತ್ತು. ಸಂಬಳದ ಚೀಟಿಯಲ್ಲಿ ಬಿಟ್ಟರೆ ಅದು ಬೇರೆಲ್ಲೂ ಕಾಣಿಸುತ್ತಿರಲಿಲ್ಲ. ಊರಿನವರ ಬಾಯಲ್ಲಿ ಅವಳು ಕಿಂಡಿ ಮೇಡಂ. ನಗರಸಭೆಯ ಆರೋಗ್ಯ ವಿಭಾಗದಲ್ಲಿ ಮನೆಗಳ ತಪಾಸಣೆ ಅವಳ ಕೆಲಸ. ಯಾರ ಮನೆಯ ವೈರು ಸುಟ್ಟಿದೆ, ಯಾರ ನೀರಿನ ತೊಟ್ಟಿಗೆ ಮುಚ್ಚಳವಿಲ್ಲ, ಯಾರ ಬಾಲ್ಕನಿಯ ಕಂಬಿಗಳ ನಡುವೆ ಮಗು ತೂರಿಕೊಳ್ಳುವಷ್ಟು ಜಾಗವಿದೆ, ಯಾರು ಆಸಿಡ್ಡನ್ನು ಜ್ಯೂಸಿನ ಬಾಟಲಿಯಲ್ಲಿ ತುಂಬಿಟ್ಟಿದ್ದಾರೆ ಎಂದು ನೋಡಬೇಕು, ಹೇಳಬೇಕು, ಸರಿ ಮಾಡಿಸಬೇಕು. ನೋಡುವುದು ಸುಲಭ, ಹೇಳುವುದೂ ಸುಲಭ. ಮೂರನೆಯದರ ಹೊತ್ತಿಗೆ ಜನರ ಕಿವಿ ಮಂದವಾಗುತ್ತಿತ್ತು. ಯಾವ ಮನೆಗೆ ಕಾಲಿಟ್ಟರೂ ಅವಳು ಮೊದಲು ಸೂರು ನೋಡಿ, ಆಮೇಲೆ ಗೋಡೆಯ ಬುಡ ನೋಡಿ, "ಇಲ್ಲಿಗೆ ಗಾಳಿ ಎಲ್ಲಿಂದ ಬರುತ್ತೆ? ಒಂದು ಕಿಂಡಿ ಬಿಡಿಸಿ" ಎನ್ನುತ್ತಿದ್ದಳು. ಅದೇ ಹೆಸರಾಯಿತು. ಅವಳ ಸ್ಕೂಟರಿನ ಸದ್ದು ಕೇಳಿದರೆ ಮಕ್ಕಳು "ಕಿಂಡಿ ಬಂತು, ಕಿಂಡಿ ಬಂತು" ಎಂದು ಕೂಗುತ್ತಿದ್ದವು. ಅವಳಿಗೇನೂ ಬೇಸರವಿರಲಿಲ್ಲ. ಹೆಸರಿಟ್ಟವರು ಜೊತೆಗೆ ಕಿಂಡಿಯನ್ನೂ ಇಡಿಸಿದ್ದರೆ ಇನ್ನೂ ಖುಷಿಯಾಗುತ್ತಿತ್ತು.

ಯಾರ ಮನೆಗೆ ಹೋಗುವುದಾದರೂ ಮುಂಚೆಯೇ ತಿಳಿಸಿ ಹೋಗಬೇಕೆಂಬುದು ನಿಯಮ. ಈ ನಿಯಮ ಮಾಡಿದ ಮಹಾನುಭಾವರ ಮನೆಗೆ ಒಮ್ಮೆಯೂ ನೆಂಟರು ಬಂದಿರಲಿಲ್ಲವೆಂದು ಕಾಣುತ್ತದೆ. ಬರುತ್ತೇವೆಂದು ಹೇಳಿ ಹೋದರೆ ಯಾವ ಮನೆ ತಾನೆ ತನ್ನ ನಿಜವಾದ ಮುಖ ತೋರಿಸೀತು? ಅವಳು ಹೋಗುವ ಹೊತ್ತಿಗೆ ನೆಲ ಫಿನಾಯಿಲ್ ಕುಡಿದು ಹೊಳೆಯುತ್ತಿತ್ತು. ಒಂದರ ಬಾಲಕ್ಕೊಂದು ಸಿಕ್ಕಿಸಿದ ಎಕ್ಸ್‌ಟೆನ್ಷನ್ ಬೋರ್ಡುಗಳು ಮಂಚದಡಿ ಸೇರಿರುತ್ತಿದ್ದವು. ವರ್ಷಗಟ್ಟಲೆ ತೆರೆಯದ ಕಿಟಕಿಗಳು ಅವತ್ತು ಒತ್ತಾಯಕ್ಕೆ ಬಾಯಿ ಬಿಟ್ಟಿರುತ್ತಿದ್ದವು.

ಮೂರು ಮಹಡಿಯ ಕಟ್ಟಡವೊಂದರ ಮಾಲೀಕನ ಕತೆ ಕೇಳಿ. ಬಾಡಿಗೆಗೆ ಕೊಟ್ಟ ಕೆಳಮನೆಯ ಗೋಡೆಗೆ ಒರಗಿಸಿ ಆಳೆತ್ತರದ ಬೀರು ನಿಲ್ಲಿಸಿದ್ದ.

"ಈ ಬೀರು ಯಾವಾಗ ಬಂತು ಇಲ್ಲಿಗೆ?" ಎಂದು ಕಿಂಡಿ ಮೇಡಂ ಕೇಳಿದಳು.

"ನಮ್ಮಪ್ಪನ ಕಾಲದಿಂದ ಇಲ್ಲೇ ಇದೆ ಮೇಡಂ."

"ನೆಲದ ಮೇಲೆ ಎಳೆದ ಗೀರು ಇನ್ನೂ ಹಸಿಯಾಗಿದೆಯಲ್ಲ?"

"ಅದಾ... ಗುಡಿಸೋಕೆ ಆಗಾಗ ಎಳೀತೀವಿ."

"ಹಾಗಾದ್ರೆ ಎಳೀರಿ. ನಾನೂ ಒಂದು ಕೈ ಗುಡಿಸ್ತೀನಿ."

ಹಿಂದಿನ ಗೋಡೆ ಸೊಂಟದೆತ್ತರದವರೆಗೆ ಬೂಷ್ಟು ಹಿಡಿದು ಕಪ್ಪಗಾಗಿತ್ತು. ಬಾಡಿಗೆಯವರ ಮಗು ಒಳಗಿನ ಕೋಣೆಯಲ್ಲಿ ಕೆಮ್ಮುತ್ತಿತ್ತು. ಮಾಲೀಕ ಗೋಡೆಯನ್ನು ಹೊಸದಾಗಿ ನೋಡುವವನಂತೆ ನೋಡಿ, "ಗೋಡೆ ಅಂದ್ಮೇಲೆ ಸ್ವಲ್ಪ ಬೆವರುತ್ತೆ ಮೇಡಂ" ಎಂದ. ಅವಳು ನೋಟಿಸು ಕೊಟ್ಟಳು. ಅವನು ಸುಣ್ಣ ಬಳಿಸಿದ. ಇನ್ನೊಂದು ನೋಟಿಸು ಕೊಟ್ಟಳು. ಇನ್ನೊಂದು ಸಲ ಸುಣ್ಣ ಬಳಿಸಿದ. ಕಚೇರಿಯಲ್ಲಿ ಸಾಹೇಬರು ಕರೆದು, "ಸ್ವಲ್ಪ ನೋಡ್ಕೊಂಡು ಹೋಗಿ ಮೇಡಂ. ನೀವು ಹೇಳಿದ ಕಡೆಯೆಲ್ಲಾ ಕಿಂಡಿ ಕೊರೀತಾ ಹೋದ್ರೆ ಊರಲ್ಲಿ ಗೋಡೆನೇ ಉಳಿಯಲ್ಲ" ಎಂದು ನಕ್ಕರು. ಅವಳಿಗೆ ನಗು ಬರಲಿಲ್ಲ. ಕೋಣನ ಮುಂದೆ ಕಿನ್ನರಿ ಬಾರಿಸಿದರೆ ಕೋಣ ಕೇಳದೆ ಇರಬಹುದು, ಕಡೇಪಕ್ಷ ಬಾರಿಸುವವರನ್ನು ನೋಡಿ ನಗುವುದಿಲ್ಲ.

ಹೊರಗಿನವರ ಪಾಡು ಹೀಗಾದರೆ ಒಳಗಿನವರದು ಕೇಳಲೇಬೇಡಿ. ಅವಳಿಗೆ ಒಬ್ಬಳೇ ಅಕ್ಕ. ತಾಯಿ ಬೇಗ ತೀರಿಕೊಂಡಿದ್ದರಿಂದ ತಂಗಿಗೆ ತಲೆ ಬಾಚಿ, ಉಣಿಸಿ, ಹೊಡೆದು, ಓದಿಸಿ ಬೆಳೆಸಿದವಳು ಅಕ್ಕನೇ. ತಂಗಿ ಮದುವೆಯ ಗೊಡವೆಗೆ ಹೋಗದೆ ಎರಡು ಬೀದಿಯಾಚೆ ಒಂಟಿ ಮನೆ ಮಾಡಿಕೊಂಡಿದ್ದಳು. ಕೂದಲು ನರೆತು, ಕಣ್ಣಿಗೆ ಕನ್ನಡಕ ಬಂದು, ಕೆಲಸದಲ್ಲಿ ಇಷ್ಟು ವರ್ಷ ಸವೆಸಿದ ಮೇಲೂ ಅಕ್ಕನಿಗೆ ಅವಳು ಪುಟ್ಟಿಯೇ. ಊರಿಗೆಲ್ಲ ನೋಟಿಸು ಕೊಡುವ ಕಿಂಡಿ ಮೇಡಂ ಅಕ್ಕನ ಹೊಸಿಲು ದಾಟಿದ ಕೂಡಲೇ "ಪುಟ್ಟೀ, ಕಾಲು ಒರೆಸ್ಕೊಂಡು ಬಾ" ಎಂಬ ಕೂಗಿಗೆ ಬಗ್ಗಿ ಕಾಲು ಒರೆಸುತ್ತಿದ್ದಳು. ಹಿತ್ತಲ ಗಿಡ ಮದ್ದಲ್ಲ ಎಂಬ ಮಾತು ಹುಟ್ಟಿದ್ದೇ ಆ ಮನೆಯಲ್ಲಿರಬೇಕು.

ಆ ಮನೆಯಲ್ಲಿ ನಾಲ್ಕು ಜನ. ಅಕ್ಕ, ನಿವೃತ್ತನಾಗಿ ಪೇಪರು ಓದುವುದನ್ನೇ ನೌಕರಿ ಮಾಡಿಕೊಂಡಿದ್ದ ಭಾವ, ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವ ಅಕ್ಕನ ಮಗ, ಮತ್ತು ಅವನ ಹೆಂಡತಿ. ಸೊಸೆ ಮೆತ್ತನೆಯ ಮಾತಿನ ಹುಡುಗಿ, ಈಗ ತುಂಬಿದ ಬಸುರಿ. ಅವಳಿಗೆ ಕೆಲವು ತಿಂಗಳಿಂದ ಬೆಳಗಿನ ಹೊತ್ತು ತಲೆನೋವು. ಸ್ನಾನ ಮುಗಿಸಿ ಬಂದವಳೇ ಗೋಡೆ ಹಿಡಿದು ನಿಲ್ಲುತ್ತಿದ್ದಳು, ಕಣ್ಣು ಕತ್ತಲಿಡುತ್ತದೆ ಎನ್ನುತ್ತಿದ್ದಳು, ಕೆಲವೊಮ್ಮೆ ವಾಂತಿ ಮಾಡಿಕೊಳ್ಳುತ್ತಿದ್ದಳು. ಮಧ್ಯಾಹ್ನದ ಹೊತ್ತಿಗೆ ಸರಿಹೋಗುತ್ತಿತ್ತು. ಡಾಕ್ಟರು ಬಸುರಿಯರಿಗೆ ಇದೆಲ್ಲ ಇದ್ದದ್ದೇ ಎಂದರು. ಅಕ್ಕನ ತೀರ್ಪು ಇನ್ನೂ ಚುಟುಕಾಗಿತ್ತು.

"ನಾನೂ ಹೆತ್ತಿದೀನಿ. ಹೆರೋ ದಿನಾನೂ ಬಟ್ಟೆ ಒಗೆದಿದೀನಿ. ಕೆಲಸ ಅಂದ್ರೆ ತಲೆ ನೋಯುತ್ತೆ ಈಗಿನೋರಿಗೆ."

ಕಿಂಡಿ ಮೇಡಂ ಇದನ್ನು ಕೇಳಿಸಿಕೊಂಡದ್ದು ಒಂದು ಭಾನುವಾರ, ಕಾಫಿ ಲೋಟ ಹಿಡಿದು ಕೂತಿದ್ದಾಗ. ಸ್ನಾನವಾದ ಮೇಲೆ ತಲೆನೋವು ಎಂಬ ಮಾತಿಗೆ ಅವಳ ಲೋಟ ಅರ್ಧದಲ್ಲೇ ನಿಂತಿತು. ಎದ್ದು ಹೋಗಿ ಬಚ್ಚಲು ನೋಡಿದಳು. ಎಷ್ಟೋ ಸಲ ಕೈಕಾಲು ತೊಳೆದ ಬಚ್ಚಲೇ ಅದು. ಆದರೆ ನೆಂಟಸ್ತಿಕೆಯ ಕಣ್ಣು ಬೇರೆ, ಕೆಲಸದ ಕಣ್ಣು ಬೇರೆ. ಗೋಡೆಯ ಮೇಲೆ ಗ್ಯಾಸ್ ಗೀಸರು, ಅದರ ನೆತ್ತಿಯ ಟೈಲ್ಸಿಗೆ ತೆಳ್ಳಗೆ ಹತ್ತಿದ ಮಸಿ. ಮೇಲಿದ್ದ ಒಂದೇ ಒಂದು ಗಾಳಿಕಿಂಡಿಗೆ ಪ್ಲೈವುಡ್ಡಿನ ಹಲಗೆ ಬಡಿದು, ಸುತ್ತ ಅಂಟು ಮೆತ್ತಿ, ಮೇಲೆ ಬಣ್ಣ ಬಳಿದಿತ್ತು. ಪಾರಿವಾಳಗಳು ಗೂಡು ಕಟ್ಟಿ ಬಚ್ಚಲೆಲ್ಲ ಗಲೀಜು ಮಾಡುತ್ತಿದ್ದವೆಂದು ಅಕ್ಕ ಮಾಡಿಸಿದ್ದು. ಬಾಗಿಲಿನ ಬುಡಕ್ಕೆ ಭಾವ ರಬ್ಬರಿನ ಪಟ್ಟಿ ಹೊಡೆದಿದ್ದ, ನೀರು ನಡುಮನೆಗೆ ಬರಬಾರದೆಂದು. ಗಂಡ ಹೆಂಡತಿ ಬೇರೆ ಯಾವುದಕ್ಕೂ ಒಮ್ಮತಕ್ಕೆ ಬಂದವರಲ್ಲ. ಇದೊಂದರಲ್ಲಿ ಮಾತ್ರ ಎಷ್ಟು ಚೆನ್ನಾಗಿ ಕೂಡಿ ಕೆಲಸ ಮಾಡಿದ್ದರೆಂದರೆ, ಒಂದು ಇರುವೆಯ ಉಸಿರೂ ಆ ಕೋಣೆಯಿಂದ ಹೊರಗೆ ಹೋಗುವಂತಿರಲಿಲ್ಲ.

"ಅಕ್ಕಾ, ಇದು ಬಚ್ಚಲಲ್ಲ, ಡಬ್ಬಿ. ಗ್ಯಾಸ್ ಉರಿಯೋಕೆ ಗಾಳಿ ಬೇಕು. ಗಾಳಿ ಸಾಲದೆ ಹೋದ್ರೆ ಅದು ವಿಷ ಬಿಡುತ್ತೆ. ಅದಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ. ಸೊಸೆಗೆ ಅದೇ ಹೊಡೀತಾ ಇರೋದು."

ಅಕ್ಕ ಸೊಪ್ಪು ಬಿಡಿಸುತ್ತಿದ್ದವಳು ತಲೆಯೆತ್ತಲಿಲ್ಲ. "ಇದೇ ಬಚ್ಚಲಲ್ಲಿ ನಾನು ಸ್ನಾನ ಮಾಡ್ತೀನಿ, ನಿಮ್ಮ ಭಾವ ಮಾಡ್ತಾರೆ, ನನ್ನ ಮಗ ಮಾಡ್ತಾನೆ. ನಮ್ಯಾರಿಗೂ ಹೊಡೀದೇ ಇರೋ ವಿಷ ಅವಳೊಬ್ಬಳನ್ನೇ ಹುಡುಕ್ಕೊಂಡು ಬರುತ್ತಾ?"

ಕಿಂಡಿ ಮೇಡಂ ಇನ್ನೊಮ್ಮೆ ಬಚ್ಚಲ ಕಡೆ ನೋಡಿದಳು. ಸಿಟ್ಟು ಬರಿಸುವ ಮಾತಾದರೂ ಪ್ರಶ್ನೆ ಸರಿಯಾಗಿಯೇ ಇತ್ತು.

ಮುಂದಿನ ಭಾನುವಾರ ಬಂದು ಪರೀಕ್ಷೆ ಮಾಡುತ್ತೇನೆಂದು ಹೇಳಿ ಹೋದಳು. ಹೇಳಿ ಹೋಗುವುದು ಕೈಗೆ ಅಂಟಿದ ಚಾಳಿ, ಅಕ್ಕನ ಮನೆಯೆಂದೂ ಬಿಡಲಿಲ್ಲ. ಆ ಭಾನುವಾರ ವಿಷಗಾಳಿ ಅಳೆಯುವ ಕಚೇರಿಯ ಅಂಗೈಯಗಲದ ಹಳದಿ ಮೀಟರು ಹಿಡಿದು ಬಂದರೆ, ಅಕ್ಕ ಬಚ್ಚಲನ್ನು ಮದುಮಗಳಂತೆ ಸಿಂಗರಿಸಿಟ್ಟಿದ್ದಳು. ಟೈಲ್ಸಿನ ಮಸಿ ಉಜ್ಜಿ ತೆಗೆದಿತ್ತು. ಬೆಳಗಿನಿಂದ ಬಾಗಿಲು ಹಾರುಹೊಡೆದಿತ್ತು. ಎಲ್ಲರ ಸ್ನಾನವೂ ಮುಗಿದು ಗಂಟೆಗಟ್ಟಲೆ ಆಗಿತ್ತು. ತಂಗಿ ಗೀಸರು ಹಚ್ಚಿ, ಬಾಗಿಲು ಮುಚ್ಚಿ, ಒಂದು ಬಕೆಟ್ಟು ತುಂಬುವವರೆಗೆ ಮೀಟರು ನೋಡುತ್ತ ನಿಂತಳು. ಅದು ಒಂದು ಚೂರೂ ಮಿಸುಕಲಿಲ್ಲ.

"ನೋಡಿದ್ಯಾ?" ಎಂದಳು ಅಕ್ಕ. ಆಮೇಲೆ ಒಳಗೆ ತಿರುಗಿ, ಸೊಸೆಗೆ ಕೇಳುವ ಹಾಗೆ, "ಸರಕಾರಿ ಮಿಷನ್ನೇ ಹೇಳ್ತು, ಬಚ್ಚಲಲ್ಲಿ ಏನೂ ಇಲ್ಲ ಅಂತ. ಇನ್ನು ನಾಳೆಯಿಂದ ತಲೆನೋವು ಅಂತ ಮಲಗೋದು ಬೇಡ" ಎಂದಳು.

ಸೊಸೆ ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಳು. ಅವಳು ಚಿಕ್ಕತ್ತೆಯನ್ನು ನೋಡಿದ ನೋಟದಲ್ಲಿ ದೂರಿರಲಿಲ್ಲ, ಅದೇ ಕಿಂಡಿ ಮೇಡಂಗೆ ತಡೆಯಲಾಗಲಿಲ್ಲ. ಹುಡುಗಿಗೆ ಒಳ್ಳೆಯದು ಮಾಡಲು ಬಂದು ಅವಳ ವಿರುದ್ಧ ಸಾಕ್ಷಿ ಹೇಳಿ ಹೋದಂತಾಯಿತಲ್ಲ ಎಂದು ಸ್ಕೂಟರಿಗೆ ಒದ್ದಳು. ಸ್ಕೂಟರೂ ಮೂರು ಸಲ ಒದೆಸಿಕೊಂಡೇ ಹೊರಟಿತು.

ಆ ವಾರ ಕೆಲಸದಲ್ಲಿ ಅವಳ ನಾಲಗೆ ಚುರುಕಾಗಿತ್ತು. ತೆರೆದ ತೊಟ್ಟಿಯ ಪಕ್ಕ ಮಕ್ಕಳನ್ನು ಆಡಲು ಬಿಟ್ಟ ಒಬ್ಬಾಕೆ "ಇಷ್ಟು ದಿನ ಏನೂ ಆಗಿಲ್ಲವಲ್ಲ" ಎಂದಾಗ, "ಬೀಳೋ ಮಗು ಮುಂಚೆ ತಿಳಿಸಿ ಬೀಳುತ್ತಾ?" ಎಂದು ಕೂಗಿಬಿಟ್ಟಳು. ಆಕೆ ಸಾಹೇಬರಿಗೆ ದೂರು ಕೊಟ್ಟಳು. ಸಾಹೇಬರು ಮಂಗಳಾರತಿ ಎತ್ತಿದರು. ಅಕ್ಕನ ಪ್ರಶ್ನೆ ಮಾತ್ರ ಗಂಟಲಲ್ಲಿ ಸಿಕ್ಕಿದ ಮುಳ್ಳಿನ ಹಾಗೆ ಕೂತಿತ್ತು. ಬಚ್ಚಲು ಒಂದೇ, ಗೀಸರು ಒಂದೇ, ಹುಡುಗಿಯೊಬ್ಬಳಿಗೇ ಯಾಕೆ?

ಕೊನೆಗೆ ಬೀದಿಯ ತಿರುವಿನಲ್ಲಿ ತರಕಾರಿ ಚೀಲ ಹಿಡಿದು ಬರುತ್ತಿದ್ದ ಸೊಸೆಯನ್ನೇ ನಿಲ್ಲಿಸಿ ಕೇಳಿದಳು. "ನಿನ್ನ ಸ್ನಾನ ಎಷ್ಟೊತ್ತಿಗಮ್ಮ?"

"ಎಲ್ಲರದ್ದೂ ಆದ್ಮೇಲೆ ಚಿಕ್ಕತ್ತೆ. ಮೊದಲು ಅತ್ತೆ, ಆಮೇಲೆ ಮಾವ, ಆಮೇಲೆ ಇವರು. ತಿಂಡಿ ಕಾಫಿ ಮುಗಿಸಿ ನಾನು ಹೋಗೋದು ಕೊನೆಗೆ."

"ಒಬ್ಬರಾದ್ಮೇಲೆ ಒಬ್ಬರು ತಕ್ಷಣ ಹೋಗ್ತಾರಾ?"

"ಮಾವ ಬರೋದನ್ನೇ ಕಾಯ್ತಾ ಇರ್ತಾರೆ ಇವರು. ಮಾವ ಬಿಸಿನೀರು ಹಾಗೇ ಬಿಟ್ಕೊಂಡು ಹಾಡ್ತಾ ಇರ್ತಾರಲ್ಲ. ನಾನು ಹೋಗೋ ಹೊತ್ತಿಗೆ ಗೋಡೆಯೆಲ್ಲ ನೀರು ಸುರೀತಾ ಇರುತ್ತೆ. ಒಳಗೇ ಬಾಗಿಲು ಹಾಕ್ಕೊಂಡು ಎಲ್ಲರ ಬಟ್ಟೆನೂ ಒಗೆದುಬಿಡ್ತೀನಿ."

ಕಿಂಡಿ ಮೇಡಂ ಬೀದಿಯಲ್ಲೇ ಹಣೆ ಚಚ್ಚಿಕೊಂಡಳು. ಹೋಗಲು ದಾರಿಯಿಲ್ಲದ ಗಾಳಿ ಒಬ್ಬೊಬ್ಬರ ಸ್ನಾನಕ್ಕೂ ಕೆಡುತ್ತ ಹೋಗಿ, ಮೂರು ಜನ ಮುಗಿಸುವ ಹೊತ್ತಿಗೆ ಬಚ್ಚಲು ತುಂಬಿರುತ್ತಿತ್ತು. ಮೊದಲಿನವರು ವಿಷ ಮಾಡಿಟ್ಟು ಹೋಗುತ್ತಿದ್ದರು, ಕೊನೆಯವಳು ಅದನ್ನು ಉಂಡು ಬರುತ್ತಿದ್ದಳು. ಮೀಟರು ಸುಳ್ಳು ಹೇಳಿರಲಿಲ್ಲ. ತಾನು ಹೋದ ಹೊತ್ತು ಸುಳ್ಳಾಗಿತ್ತು.

ಮರುದಿನ ಬೆಳಿಗ್ಗೆ ಟವೆಲು, ಸೋಪು ಹಿಡಿದು, ಹೇಳದೆ ಕೇಳದೆ ಅಕ್ಕನ ಮನೆಗೆ ನುಗ್ಗಿದಳು. "ನಮ್ಮನೇಲಿ ನೀರು ಬಂದಿಲ್ಲ. ಇಲ್ಲೇ ಸ್ನಾನ ಮಾಡ್ತೀನಿ."

"ಅದಕ್ಕೇನು, ನೀನೇ ಮೊದಲು ಹೋಗು," ಎಂದಳು ಅಕ್ಕ.

"ಇಲ್ಲ, ಕೊನೆಗೆ ಹೋಗ್ತೀನಿ. ಸೊಸೆ ಸರದಿ ಇವತ್ತು ನನಗೆ."

ಅಕ್ಕ ಒಂದು ಥರಾ ನೋಡಿದಳು. ಆದರೂ ದಿನದಂತೆ ಎಲ್ಲವೂ ನಡೆಯಿತು. ಅಕ್ಕನ ಸ್ನಾನವಾಯಿತು. ಭಾವ ಒಳಗೆ ಹೋಗಿ ಹಾಡು ಶುರು ಮಾಡಿ, ಅದರ ಎರಡನೇ ಸಾಲನ್ನೇ ಹತ್ತಾರು ಸಲ ಹಾಡಿದ. ಮಗ ಕಾಗೆಸ್ನಾನ ಮಾಡಿ ಬಂದ. ಆಮೇಲೆ ಕಿಂಡಿ ಮೇಡಂ ಟವೆಲಿನಲ್ಲಿ ಸುತ್ತಿದ ಮೀಟರು ಹಿಡಿದು ಒಳಗೆ ಕಾಲಿಟ್ಟಳು. ಗೀಸರು ಹಚ್ಚಿದ ಸ್ವಲ್ಪ ಹೊತ್ತಿಗೇ ಮೀಟರು ಕಿರುಚಿಕೊಂಡಿತು. ನಡುಮನೆಯಲ್ಲಿ ಪೇಪರು ಓದುತ್ತಿದ್ದ ಭಾವ ಬೆಚ್ಚಿಬಿದ್ದ. ಒಣಗಿದ ಟವೆಲು ಒಣಗಿದ ಹಾಗೆಯೇ ಹೊತ್ತುಕೊಂಡು ಅವಳು ಹೊರಗೆ ಬಂದು, ಕಿರುಚುವ ಮೀಟರನ್ನು ಎಲ್ಲರ ಮೂಗಿನ ಮುಂದೆ ಹಿಡಿದಳು.

"ಈಗ ಹೇಳಿ. ಇದಕ್ಕೂ ಬಸುರಾ?"

ಭಾವ ಕನ್ನಡಕ ಸರಿಮಾಡಿಕೊಂಡು, "ಬಚ್ಚಲಲ್ಲಿ ಕೂಗೋ ಮಿಷನ್ನನ್ನ ನಂಬೋಕಾಗಲ್ಲ ಬಿಡು. ನನ್ನ ಹಾಡು ಕೇಳಿ ಕೆಟ್ಟಿರಬೇಕು" ಎಂದ.

"ಒಳಗೆ ನೀರು ಹೋಗಿರುತ್ತೆ," ಎಂದಳು ಅಕ್ಕ.

ಆಮೇಲೆ ನಡೆದ ಜಗಳವನ್ನು ಪಕ್ಕದ ಮನೆಯವರು ಇಂದಿಗೂ ನೆನೆಯುತ್ತಾರೆ. ಹಲಗೆ ಕೀಳಿಸು ಎಂದಳು ತಂಗಿ. ಪಾರಿವಾಳದ ಗಲೀಜು ನೀನು ಬಂದು ತೊಳೀತೀಯಾ ಎಂದಳು ಅಕ್ಕ. ಜಾಲರಿ ಹಾಕಿಸು. ಪಕ್ಕದ ಮನೆ ಕಿಟಕಿ ನೇರಕ್ಕಿದೆ, ಮೈದಾನದಲ್ಲಿ ಸ್ನಾನ ಮಾಡಲಾ? ಗೀಸರನ್ನೇ ಹೊರಗಿನ ಗೋಡೆಗೆ ಹಾಕಿಸು. ಹೊಸ ಟೈಲ್ಸು ಒಡೆಸಲಾ? ಅಕ್ಕ ಹಿಡಿದ ಮೊಲಕ್ಕೆ ಮೂರೇ ಕಾಲು. ನಾಲ್ಕನೆಯದನ್ನು ಎಣಿಸಿ ತೋರಿಸಿದರೆ ಅದನ್ನೂ ಮುರಿದುಬಿಡುವವಳು ಅವಳು. ಕಡೆಗೆ ಸೆರಗು ಸಿಕ್ಕಿಸಿ ನಿಂತು ಎಲ್ಲ ವಾದಗಳ ತಾಯಿಯಂಥ ವಾದ ತೆಗೆದಳು.

"ನಿನ್ನ ಅಂಡು ತೊಳೆದ ಕೈ ಇದು. ನನ್ನ ಬಚ್ಚಲು ಹೇಗಿರಬೇಕು ಅಂತ ನೀನು ನನಗೆ ಹೇಳಿಕೊಡ್ತೀಯಾ?"

ಕಿಂಡಿ ಮೇಡಂಗೆ ಕಣ್ಣಲ್ಲಿ ನೀರು ಬಂತು, ದುಃಖಕ್ಕಲ್ಲ, ಸಿಟ್ಟಿಗೆ. "ನಿನಗೆ ಮೊಮ್ಮಗು ಬೇಕೋ ಪ್ಲೈವುಡ್ಡು ಬೇಕೋ ಹೇಳು!"

ಸೊಸೆ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ನಿಂತಿದ್ದಳು. ಅಕ್ಕ ಅವಳ ಕಡೆ ನೋಡಿದಳು. ಸೋತೆ ಎನ್ನುವುದು ಅವಳ ನಾಲಗೆಗೆ ಬಾರದ ಮಾತು. ಅದನ್ನೇ ಬೇರೆ ಥರ ಹೇಳಿದಳು.

"ಸರಿ. ನಾಳೆಯಿಂದ ಸ್ನಾನಕ್ಕೆ ಅವಳೇ ಮೊದಲು ಹೋಗ್ಲಿ. ಬಟ್ಟೆ ಹಿತ್ತಲಲ್ಲಿ ಒಗೀಲಿ. ಸಮಾಧಾನ ಆಯ್ತಾ ನಿನಗೆ?"

ಜೀವಕ್ಕೆ ಅಪಾಯ ಕಂಡ ಮನೆಯಲ್ಲಿ ಆ ಕ್ಷಣವೇ ಗೀಸರಿನ ಪೈಪು ಕಳಚಿಸಿ ಬಚ್ಚಲಿಗೆ ಮೊಹರು ಹಾಕಿಸುವ ಅಧಿಕಾರ ಕಿಂಡಿ ಮೇಡಂಗಿತ್ತು. ಸಾಹೇಬರನ್ನೂ ಕೇಳಬೇಕಿರಲಿಲ್ಲ. ಆ ಚಳಿಗಾಲದಲ್ಲೇ ಬೇರೆ ಮನೆಗಳಲ್ಲಿ ಹಾಗೆ ಮಾಡಿಸಿ, ತಣ್ಣೀರು ಸ್ನಾನ ಮಾಡಿದವರಿಂದ ಬೈಸಿಕೊಂಡಿದ್ದಳು. ಇಲ್ಲಿ ಅಕ್ಕನ ಮುಖ ನೋಡಿದಳು. ಅಕ್ಕ ಬಗ್ಗಿದ್ದು ಇದೇ ಮೊದಲು. ಇನ್ನೊಂದು ಚೂರು ಒತ್ತಿದರೆ ಅದೂ ಕೈತಪ್ಪೀತು ಅನ್ನಿಸಿತು. ಹುಡುಗಿ ಬಚಾವಾದಳಲ್ಲ, ಉಳಿದದ್ದು ನಿಧಾನವಾಗಿ ನೋಡಿಕೊಂಡರಾಯಿತು ಎಂದು, "ಹ್ಞೂಂ" ಎಂದುಬಿಟ್ಟಳು.

ಸೊಸೆಯ ತಲೆನೋವು ನಿಂತಿತು, ಮುಖಕ್ಕೆ ಬಣ್ಣ ಬಂತು. ಅಕ್ಕ ಅದನ್ನು ತಾನು ಕೊಡುತ್ತಿದ್ದ ಹಾಲಿನ ಮಹಿಮೆ ಎಂದು ಬೀದಿಗೆಲ್ಲ ಸಾರಿದಳು. ಕಿಂಡಿ ಮೇಡಂ ಹಲ್ಲು ಕಚ್ಚಿಕೊಂಡು ಕೇಳಿಸಿಕೊಂಡಳು. ಹಲಗೆಯ ಮಾತು ತೆಗೆದಾಗಲೆಲ್ಲ ಅಕ್ಕ, "ಈಗೇನು ತೊಂದರೆ ಇದೆ ಹೇಳು" ಎನ್ನುತ್ತಿದ್ದಳು. ಕೆಲಸವೂ ತಲೆಯ ಮೇಲೆ ಕೂತಿತ್ತು. ಹಳೆಯ ಕಟ್ಟಡವೊಂದರ ಮೆಟ್ಟಿಲು ಕುಸಿದು ಸಾಹೇಬರು ಇಡೀ ಬೀದಿಯನ್ನು ತಪಾಸಣೆ ಮಾಡಿ ಎಂದಿದ್ದರು. ಸ್ನಾನದ ಸರದಿಯನ್ನು ಕಂಡುಹಿಡಿದವಳು ಅವಳೇ. ಮೊದಲು ಹೋಗುವವರು ಬದಲಾದರೆ ಕೊನೆಗೆ ಹೋಗುವವರೂ ಬದಲಾಗಿರಬೇಕೆಂಬುದು ಅವಳಿಗೇ ಹೊಳೆಯಲಿಲ್ಲ. ಬೇರೆ ಮನೆಯಾಗಿದ್ದರೆ ಅದೇ ಅವಳ ಮೊದಲ ಪ್ರಶ್ನೆಯಾಗಿರುತ್ತಿತ್ತು.

ಒಂದು ಬೆಳಿಗ್ಗೆ ಕಚೇರಿಗೆ ಹೋಗುವ ದಾರಿಯಲ್ಲಿ ಸೊಸೆಗೆಂದು ಹಣ್ಣು ತೆಗೆದುಕೊಂಡು ಒಳಗೆ ಬಂದಳು. ಸೊಸೆ ಬಾಗಿಲು ತೆರೆದು ಪಿಸುಗುಟ್ಟಿದಳು. "ಚಿಕ್ಕತ್ತೆ, ನೀವೇ ಅತ್ತೆಗೆ ಒಂದು ಮಾತು ಹೇಳಿ. ನಾನು ಹೇಳಿದ್ರೆ ಬೈತಾರೆ. ಈಚೆಗೆ ತಿಂಡಿ ಕೆಲಸ ತಾವೇ ಮುಗಿಸಿ ಸ್ನಾನಕ್ಕೆ ಹೋಗ್ತಾರೆ, ಆದ ಕೂಡಲೇ ಹಿತ್ತಲಿಗೆ ಹೋಗಿ ತಲೆ ಹಿಡ್ಕೊಂಡು ಕೂತಿರ್ತಾರೆ. ಕೇಳಿದ್ರೆ ವಯಸ್ಸಾಯ್ತು ಅಂತಾರೆ."

"ಈಗ ಕೊನೆಗೆ ಯಾರಮ್ಮ ಸ್ನಾನಕ್ಕೆ ಹೋಗೋದು?"

ಹುಡುಗಿ ಉತ್ತರ ಕೊಡುವ ಮೊದಲೇ ಬಚ್ಚಲ ಕಡೆಯಿಂದ ಬಕೆಟ್ಟು ಉರುಳಿದ ಸದ್ದಾಯಿತು. ಹಣ್ಣಿನ ಚೀಲ ಎಲ್ಲಿ ಬಿತ್ತೋ. ಅಕ್ಕ ಬಚ್ಚಲ ಬಾಗಿಲಲ್ಲಿ ಬಿದ್ದಿದ್ದಳು, ಮೈ ಅರ್ಧ ಒಳಗೆ, ಅರ್ಧ ಹೊರಗೆ. ಒದ್ದೆ ಸೀರೆ ಹೇಗೋ ಸುತ್ತಿಕೊಂಡಿದ್ದಳು, ಪ್ರಾಣ ಹೋಗುವಾಗಲೂ ಮಾನ ಬಿಡದವಳು. ಕಣ್ಣು ಅರೆ ತೆರೆದಿತ್ತು. "ಕಾಲು... ಮಾತು ಕೇಳ್ತಿಲ್ಲ ಪುಟ್ಟಿ" ಎಂದಳು, ನಾಲಗೆ ದಪ್ಪವಾದವಳಂತೆ. ಕಿಂಡಿ ಮೇಡಂ ಅವಳ ಕಂಕುಳಿಗೆ ಕೈಹಾಕಿ ದರದರ ಎಳೆದು ಹಿತ್ತಲ ಬಯಲಿಗೆ ತಂದಳು. ಮಗ ಗಾಡಿ ತಂದ. ಭಾವ ಒಂದೇ ಕಾಲಿಗೆ ಚಪ್ಪಲಿ ಹಾಕಿಕೊಂಡು ಹತ್ತಿದ. ಸೊಸೆಯನ್ನು ಮನೆಯಲ್ಲೇ ಬಿಟ್ಟು, ಬಾಗಿಲು ಕಿಟಕಿಯೆಲ್ಲ ತೆರೆದು ಅಂಗಳದಲ್ಲೇ ಕೂತಿರು ಎಂದು ಹೇಳಿ ಹೊರಟರು.

ಆಸ್ಪತ್ರೆಯಲ್ಲಿ ಆಮ್ಲಜನಕದ ಮುಖವಾಡ ಹಾಕಿ ಮಲಗಿಸಿದರು. ರಕ್ತ ಪರೀಕ್ಷೆ ಮಾಡಿದ ಡಾಕ್ಟರು, ಇನ್ನು ಸ್ವಲ್ಪ ಹೊತ್ತು ಆ ಕೋಣೆಯಲ್ಲೇ ಇದ್ದಿದ್ದರೆ ಕಷ್ಟವಾಗುತ್ತಿತ್ತು ಎಂದರು. ಕಷ್ಟ ಎಂದರೆ ಏನೆಂದು ಭಾವ ಕೇಳಲಿಲ್ಲ, ಗೋಡೆ ಕಡೆ ತಿರುಗಿ ನಿಂತ. ಮಧ್ಯಾಹ್ನದ ಹೊತ್ತಿಗೆ ಅಕ್ಕನ ಮುಖಕ್ಕೆ ಬಣ್ಣ ಮರಳಿತು, ಜೊತೆಗೆ ಗತ್ತೂ ಮರಳಿತು. ದಿಂಬು ಸರಿಯಿಲ್ಲವೆಂದು ನರ್ಸಿಗೆ ಸನ್ನೆ ಮಾಡಿದಳು. ಅದನ್ನು ನೋಡಿದ್ದೇ ತಡ, ಬೆಳಗಿನಿಂದ ಕಟ್ಟಿಕೊಂಡಿದ್ದ ಕಿಂಡಿ ಮೇಡಂನ ಸಿಟ್ಟು ಕಿತ್ತುಕೊಂಡು ಬಂತು. ಹುಟ್ಟಿದಾರಭ್ಯ ಅಕ್ಕನ ಮುಂದೆ ಎತ್ತದಿದ್ದ ದನಿ ಅದು. ಪಕ್ಕದ ಮಂಚದವರೂ ಎದ್ದು ಕೂತರು.

"ತಲೆ ನೋಯ್ತಿದೆ ಅಂತ ಒಂದು ಮಾತು ಹೇಳೋಕೆ ನಿನಗೇನಾಗಿತ್ತು? ನಾನು ಹೇಳಿದ್ದು ನಿಜ ಅಂತ ಆಗಿಬಿಡುತ್ತೆ ಅಂತ ಸಾಯೋಕೆ ಹೊರಟಿದ್ಯಾ? ಊರಿನೋರು ಯಾರೂ ನನ್ನ ಮಾತು ಕೇಳಲ್ಲ, ಸಾಯ್ಲಿ. ನಿನಗೆ ಎಷ್ಟು ಸಲ ಹೇಳಿದೆ ಅಕ್ಕಾ? ಎಷ್ಟು ಸಲ?"

ಅಕ್ಕ ಮುಖವಾಡವನ್ನು ಗದ್ದಕ್ಕೆ ಎಳೆದುಕೊಂಡಳು.

"ಹೇಳಿದೆ. ನೀನು ಬರೀ ಹೇಳಿದೆ," ಎಂದಳು. ಉಸಿರು ತೆಗೆದುಕೊಂಡಳು. "ಬೇರೆಯವರ ಮನೆ ಆಗಿದ್ರೆ ಅವತ್ತೇ ಬೀಗ ಹಾಕಿಸ್ತಿದ್ದೆ. ಅವರು ಬೈದ್ರೆ ಬೈಸ್ಕೋತಿದ್ದೆ. ನನ್ನ ಕೈಲಿ ಬೈಸ್ಕೊಳೋಕೆ ಹೆದರಿದೆಯಲ್ಲೇ ಪುಟ್ಟಿ."

ಕಿಂಡಿ ಮೇಡಂಗೆ ಮೈಯೆಲ್ಲ ಉರಿಯಿತು. ಹಲಗೆ ಬಡಿಸಿದ್ದು ಯಾರು, ಹಟ ಹಿಡಿದದ್ದು ಯಾರು, ಅಂಡು ತೊಳೆದ ಕೈ ಎಂದು ಬಾಯಿ ಮುಚ್ಚಿಸಿದ್ದು ಯಾರು? ಇಂಥ ಅನ್ಯಾಯದ ಮಾತನ್ನು ಈ ಅಕ್ಕನೊಬ್ಬಳೇ ಆಡಬಲ್ಲಳು. ತಿರುಗಿ ಹೇಳಲು ನೂರು ಮಾತು ನಾಲಗೆಯ ತುದಿಗೆ ಬಂದವು. ಅಕ್ಕ ಹೇಳಿದ್ದರಲ್ಲಿ ಸುಳ್ಳು ಎನ್ನುವಂಥದ್ದು ಏನೂ ಇರಲಿಲ್ಲ. ಅವಳು ಮುಖವಾಡವನ್ನು ಅಕ್ಕನ ಮೂಗಿನ ಮೇಲೆ ವಾಪಸು ಕೂರಿಸಿ, ಕಿವಿಯ ಹಿಂದಿನ ಪಟ್ಟಿಯನ್ನು ಬಿಗಿದು, "ಬಾಯಿ ಮುಚ್ಕೊಂಡು ಉಸಿರಾಡು" ಎಂದು ಗದರಿದಳು. ಅಕ್ಕ ಮರುಮಾತಾಡದೆ ಉಸಿರಾಡಿದಳು.